ಬೆಣ್ಣೆ ದೋಸೆ ಬಿಡಲೇಬೇಕೇ?

ಪ್ರಶ್ನೆ: ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದೇನೆ, ವಯಸ್ಸು 46. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158 ಬಂದಿದೆ. ಮಾತ್ರೆ ಇಲ್ಲದೆ ಇಳಿಯುತ್ತದೆಯೇ? ಬೆಣ್ಣೆ ದೋಸೆ ಬಿಡಬೇಕೇ?

ಉತ್ತರ: ನಿಮ್ಮ ಊರಿನವರಿಗೆ ಬೆಣ್ಣೆ ದೋಸೆ ಬಿಡಿ ಎನ್ನುವ ಧೈರ್ಯ ನನಗಿಲ್ಲ! ತಿಂಗಳಿಗೊಮ್ಮೆ ತಿನ್ನಿ, ಮೇಲಿನ ಬೆಣ್ಣೆ ಮುದ್ದೆಯನ್ನು ಮಾತ್ರ ಪಕ್ಕಕ್ಕಿಡಿ. ಬೆಣ್ಣೆಯ ತೂಕದ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಅದೇ.

ನನಗೆ ಹೆಚ್ಚು ಅನುಮಾನ ಸಂಜೆಯ ಮಂಡಕ್ಕಿ-ಮಿರ್ಚಿಯ ಮೇಲೆ. ಮಂಡಕ್ಕಿ ಪಾಪದ್ದು, ಮಿರ್ಚಿ ಕರಿದ ಎಣ್ಣೆ ಎಷ್ಟನೇ ಸಲ ಕಾದದ್ದೋ ಯಾರಿಗೆ ಗೊತ್ತು? ತಾಳೆ ಎಣ್ಣೆಯಾದರೆ ಅದರಲ್ಲೂ ಅರ್ಧದಷ್ಟು ಅದೇ ಕೊಬ್ಬು. ಪ್ಯಾಕೆಟ್ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಎಂಬ ಮಾತಿಗೆ ಮರುಳಾಗಬೇಡಿ. ಕೊಲೆಸ್ಟ್ರಾಲನ್ನು ಬಹುಪಾಲು ತಯಾರಿಸುವುದು ನಿಮ್ಮದೇ ಯಕೃತ್ತು.

ಮನೆಯಲ್ಲಿ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಖರ್ಚಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಅನ್ನದ ರಾಶಿ ತಗ್ಗಿಸಿ; ಹೆಸರುಕಾಳು, ಹುರುಳಿ, ಬೆಂಡೆಕಾಯಿ, ಸಿಪ್ಪೆ ಸಮೇತ ಸೀಬೆ ಹೆಚ್ಚಿಸಿ. ಇವುಗಳ ಕರಗುವ ನಾರು ಕರುಳಿನಲ್ಲಿ ಪಿತ್ತದ ಅಂಶವನ್ನು ಹಿಡಿದು ಹೊರಹಾಕುತ್ತದೆ. ಅದನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸಿಕೊಳ್ಳುತ್ತದೆ.

ವಾರಕ್ಕೆ ಐದು ದಿನ 30 ನಿಮಿಷ ಬಿರುಸಾಗಿ ನಡೆಯಿರಿ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ.

ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್ ಮತ್ತು ಸಕ್ಕರೆಯನ್ನೂ. ಆದರೆ ಸಕ್ಕರೆ ಕಾಯಿಲೆ ಮೊದಲೇ ಇದ್ದರೆ, ಅಥವಾ ಅಪ್ಪನಿಗೋ ಅಣ್ಣನಿಗೋ 55ರೊಳಗೆ ಹೃದಯಾಘಾತವಾಗಿದ್ದರೆ ಕಾಯಬೇಡಿ, ಈ ವಾರವೇ ವೈದ್ಯರನ್ನು ಕಾಣಿ. ಅವರು ಮಾತ್ರೆ ಬರೆದರೆ ವಾಕಿಂಗ್ ಮಾಡುತ್ತೇನಲ್ಲ ಎಂದು ಅದನ್ನು ಡಬ್ಬಿಯಲ್ಲೇ ಉಳಿಸಬೇಡಿ.