ಅಡ್ಡಹೆಸರೋ, ವಿಳಾಸವೋ? – ಡಿಎನ್‌ಎಸ್ ಪಾಠದ ಅನುಭವ

ತರಗತಿ: ದ್ವಿತೀಯ ಪಿಯು, ಗಣಕ ವಿಜ್ಞಾನ
ಅವಧಿ: 45 ನಿಮಿಷ
ಪೂರ್ವಜ್ಞಾನ: ಐಪಿ ವಿಳಾಸ, ಡೊಮೇನ್ ಹೆಸರು
ಉದ್ದೇಶ: ಗ್ರಾಹಕರ ವೆಬ್‌ಮೇಲ್‌ಗೆ ತಕ್ಕ ದಾಖಲೆಯನ್ನು ಕಾರಣಸಹಿತ ಆರಿಸುವುದು

ಪ್ರೇರಣೆ: ಸಮಸ್ಯೆಯಿಂದಲೇ ಪಾಠ ಆರಂಭಿಸಿದೆ. ಒಂದು ಹೋಸ್ಟಿಂಗ್ ಸಂಸ್ಥೆಗೆ 40 ಗ್ರಾಹಕರಿದ್ದಾರೆ ಎನ್ನೋಣ. ಪ್ರತಿಯೊಬ್ಬರಿಗೂ ‘ವೆಬ್‌ಮೇಲ್.ಅಂಗಡಿ.ಎಕ್ಸಾಂಪಲ್’ ಮಾದರಿಯ ಹೆಸರು ಬೇಕು. ಎಲ್ಲವೂ ತಲುಪಬೇಕಾದದ್ದು ಒಂದೇ ಸರ್ವರ್‌ಗೆ. ಹೆಸರನ್ನು ನೇರವಾಗಿ ಐಪಿ ವಿಳಾಸಕ್ಕೆ ಜೋಡಿಸುವುದು ಎ ದಾಖಲೆ. ಇನ್ನೊಂದು ಹೆಸರಿಗೆ ಜೋಡಿಸುವುದು ಸಿನೇಮ್, ಅಂದರೆ ಅಡ್ಡಹೆಸರು.

ಚಟುವಟಿಕೆ: ಅರ್ಧ ಮಂದಿ ತಮ್ಮ ಕಾರ್ಡಿನಲ್ಲಿ 192.0.2.10 ಎಂದು ಬರೆದರು. ಉಳಿದವರು ‘ಮೇಲ್‌ಸರ್ವರ್’ ಎಂದು. ಕಪ್ಪುಹಲಗೆಯ ಮೇಲೆ ಸರ್ವರ್‌ನ ವಿಳಾಸವನ್ನು 192.0.2.20 ಎಂದು ಬದಲಿಸಿದೆ. ಸಂಖ್ಯೆ ಬರೆದವರೆಲ್ಲ ಅಳಿಸಿ ತಿದ್ದಬೇಕಾಯಿತು; ಹೆಸರು ಬರೆದವರು ಕೈಕಟ್ಟಿ ನಕ್ಕರು. ಸಿನೇಮ್‌ನ ಅನುಕೂಲ ಅವರಿಗೆ ತಾನಾಗಿಯೇ ಹೊಳೆಯಿತು. ಆದರೆ ಟಿಟಿಎಲ್ 3600 ಸೆಕೆಂಡು ಇದ್ದರೆ ಹಳೆಯ ಉತ್ತರ ಒಂದು ಗಂಟೆಯವರೆಗೆ ಸಂಗ್ರಹದಲ್ಲಿ ಉಳಿಯಬಹುದು ಎಂಬುದನ್ನೂ ಸೇರಿಸಿದೆ.

ನನ್ನ ತಪ್ಪು: ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಹಾಗಾದರೆ ಅಂಗಡಿಯ ಮೂಲ ಹೆಸರಿಗೂ ಅಡ್ಡಹೆಸರೇ ಕೊಡಬಹುದಲ್ಲ ಸರ್?” ನಾನು ತಡವರಿಸದೆ “ಕೊಡಬಹುದು” ಎಂದುಬಿಟ್ಟೆ. ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ಬರೆದದ್ದು ಒಂದೇ ಸಾಲು: “ಎಂಎಕ್ಸ್ ಎಲ್ಲಿಗೆ ಹೋಯಿತು?”

ಆ ರಾತ್ರಿ 1987ರ ಆರ್‌ಎಫ್‌ಸಿ 1034ನ್ನು ತೆರೆದೆ. ಸಿನೇಮ್ ಇರುವ ಹೆಸರಿನಲ್ಲಿ ಬೇರೆ ದಾಖಲೆಗಳು ಇರಬಾರದು. ಮೂಲ ಹೆಸರಿನಲ್ಲಾದರೋ ಎಸ್‌ಒಎ, ಎನ್‌ಎಸ್ ಇರಲೇಬೇಕು. ಅಂಚೆಗಾಗಿ ಎಂಎಕ್ಸ್ ಸಹ ಅಲ್ಲೇ ಇರುತ್ತದೆ. ನನ್ನ ಮಾತು ನಂಬಿದವರ ಅಂಚೆಯೇ ದಾರಿ ತಪ್ಪುತ್ತಿತ್ತು!

ತಿದ್ದುಪಡಿ: ಮರುದಿನ “ನಿನ್ನೆ ನಾನು ತಪ್ಪು ಹೇಳಿದೆ” ಎಂದೇ ಪಾಠ ಶುರುಮಾಡಿದೆ. ಒಂದೇ ಕಾರ್ಡಿನಲ್ಲಿ ಅಡ್ಡಹೆಸರನ್ನೂ ಎಂಎಕ್ಸನ್ನೂ ಬರೆಸಿದೆ. ಎಂಎಕ್ಸ್ ಹುಡುಕಿ ಬಂದವನು ಅಡ್ಡಹೆಸರು ಕಂಡು ಬೇರೆ ಕಾರ್ಡಿನತ್ತ ನಡೆದ. ಬರೆದಿದ್ದ ಎಂಎಕ್ಸ್ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿಯೇ ನಿಯಮವನ್ನು ಹೇಳಿದಳು.

ಕಪ್ಪುಹಲಗೆ ಸಾರಾಂಶ:
1. ಸರ್ವರ್ ಬೇರೆಯವರದು, ವಿಳಾಸ ಬದಲಾಗಬಹುದು: ವೆಬ್‌ಮೇಲ್ ಉಪಹೆಸರಿಗೆ ಸಿನೇಮ್.
2. ಮೂಲ ಹೆಸರಿಗೆ: ಎ ದಾಖಲೆ.
3. ಎಂಎಕ್ಸ್ ತೋರಿಸುವ ಹೆಸರು ಅಡ್ಡಹೆಸರಾಗಿರಬಾರದು.
4. ಸಿನೇಮ್ ಕೊಟ್ಟರೂ ಬ್ರೌಸರ್ ನೋಡುವುದು ಟೈಪ್ ಮಾಡಿದ ಹೆಸರನ್ನೇ. ಸರ್ವರ್‌ನ ಪ್ರಮಾಣಪತ್ರದಲ್ಲಿ ಆ ಹೆಸರು ಇರಬೇಕು.

ಆತ್ಮಾವಲೋಕನ: ಚಟುವಟಿಕೆ ಚೆನ್ನಾಗಿ ನಡೆದಾಗಲೇ ನಾನು ಮೈಮರೆತೆ. ಅನುಕೂಲವನ್ನು ತೋರಿಸುವ ಚಟುವಟಿಕೆಯ ಜೊತೆಗೆ ಅದರ ಮಿತಿಯನ್ನು ತೋರಿಸುವ ಕಾರ್ಡನ್ನೂ ಈಗ ಪಾಠಯೋಜನೆಯಲ್ಲೇ ಸೇರಿಸಿಕೊಂಡಿದ್ದೇನೆ.