ಅಡುಗೆಮನೆಗೆ ಬಂತು ಸಿಗ್ನಲ್

ಅಕ್ಕಂದಿರೇ, ಮೊದಲು ಒಂದು ಮಾತು ಕೇಳುತ್ತೇವೆ. ನಿಮ್ಮ ಮನೆಯಲ್ಲಿ ಫೋನು ಎಲ್ಲಿ ಸರಿಯಾಗಿ ಕೇಳುತ್ತದೆ? ಚಾವಡಿಯಲ್ಲಾ? ಅಂಗಳದಲ್ಲಾ? ಬಾವಿಕಟ್ಟೆಯ ಹತ್ತಿರವಾ?

ಕಾರ್ಕಳದ ಕಡೆ ನಮ್ಮ ಸಂಘದ ಒಬ್ಬ ಅಕ್ಕ ಇದ್ದಾರೆ. ಬೀಡಿ ಕಟ್ಟುತ್ತಾರೆ. ಮಗ ದುಬೈಯಲ್ಲಿ ಇದ್ದಾನೆ. ರಾತ್ರಿ ಕೆಲಸ ಬಿಟ್ಟು ಬಂದು ಫೋನು ಮಾಡುತ್ತಾನೆ. ಮನೆಯ ಒಳಗೆ ಮಾತು ತುಂಡು ತುಂಡಾಗುತ್ತದೆ. "ಅಮ್ಮಾ... ಊಟ... ಆಯ್..." ಅಷ್ಟೇ. ಹಾಗಾಗಿ ಫೋನು ಬಂದರೆ ಅಕ್ಕ ಗೆರಸೆ ಕೆಳಗಿಟ್ಟು ಬಾವಿಕಟ್ಟೆಗೆ ಓಡುತ್ತಿದ್ದರು.

ಒಂದು ಆಟಿ ತಿಂಗಳು. ಜಡಿಮಳೆ. ಅಂಗಳದಲ್ಲಿ ಪಾಚಿ. ಅಕ್ಕ ಕೊಡೆ ಹಿಡಿದು ಓಡಿದರು. ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಬೀಡಿ ಕಟ್ಟುವ ಕೈ ಅದು. ಎರಡು ತಿಂಗಳು ಸಂಪಾದನೆ ಇಲ್ಲ. ಅತ್ತ ಮಗನಿಗೆ ಏನೂ ಕೇಳಲಿಲ್ಲ. "ಅಮ್ಮ ಯಾಕೆ ಫೋನು ಇಟ್ಟುಬಿಟ್ಟರು?" ಎಂದು ಅವನು ರಾತ್ರಿಯೆಲ್ಲ ಯೋಚನೆ ಮಾಡಿದನಂತೆ.

ಆಮೇಲೆ ನಾವು ಸಂಘದವರು ಕೂತು ಮಾತಾಡಿದೆವು. ಮನೆಯ ಒಳಗೆ ಸಿಗ್ನಲ್ ಯಾಕೆ ಬರುವುದಿಲ್ಲ? ಬರುವ ಹಾಗೆ ಮಾಡಲಿಕ್ಕೆ ಆಗ್ತದಾ? ತಿಳಿದುಕೊಂಡದ್ದನ್ನು, ನಾವೇ ಮಾಡಿ ನೋಡಿದ್ದನ್ನು ಇಲ್ಲಿ ಹೇಳುತ್ತೇವೆ.

ಕಾಪುವಿನ ದೀಪಸ್ತಂಭ ನೀವು ನೋಡಿರಬಹುದು. ಸಮುದ್ರದ ಬದಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ್ದು. ರಾತ್ರಿ ಅದರ ಬೆಳಕು ಸಮುದ್ರದಲ್ಲಿ ಬಹಳ ದೂರ ಹೋಗುತ್ತದೆ. ಯಾಕೆಂದರೆ ಅಲ್ಲಿ ಅಡ್ಡ ಏನೂ ಇಲ್ಲ. ಅದೇ ಬೆಳಕು ಒಂದು ಗೋಡೆಯನ್ನು ದಾಟಲಾರದು. ಫೋನಿನ ಸಿಗ್ನಲೂ ಬೆಳಕಿನ ಜಾತಿಯದ್ದೇ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಅದನ್ನು ರೇಡಿಯೋ ಅಲೆ ಎನ್ನುತ್ತಾರೆ. ಬೆಳಕಿಗಿಂತ ಅದಕ್ಕೆ ಒಂದು ಶಕ್ತಿ ಹೆಚ್ಚು ಉಂಟು. ಅದು ಗೋಡೆಯನ್ನೂ ಸ್ವಲ್ಪ ದಾಟುತ್ತದೆ. ಕೋಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸ್ ಎಂಬ ವಿಜ್ಞಾನಿ 1895ರ ಸುಮಾರಿಗೇ ಇದನ್ನು ಜನರ ಎದುರು ತೋರಿಸಿದ್ದರು. ಅವರು ಇತ್ತ ಅಲೆ ಕಳಿಸಿದರು. ಗೋಡೆಯ ಆಚೆ ಗಂಟೆ ಬಾರಿಸಿತು. ತಂತಿ ಇರಲಿಲ್ಲ.

ಆದರೆ ದಾಟುವಾಗ ಅಲೆಗೆ ಸುಸ್ತಾಗುತ್ತದೆ. ನಮ್ಮ ಊರಿನ ಮನೆಗಳು ಹೇಗೆ? ಮುರಕಲ್ಲಿನ ದಪ್ಪ ಗೋಡೆ. ಹಳೆ ಮನೆಯಾದರೆ ಮಣ್ಣಿನ ಗೋಡೆ, ಇನ್ನೂ ದಪ್ಪ. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಕೂತಿರುತ್ತದೆ. ನೀರು ಈ ಅಲೆಯನ್ನು ನುಂಗುತ್ತದೆ. ಹಂಚಿನ ಮಾಡು ಪರವಾಗಿಲ್ಲ. ತಗಡಿನ ಶೀಟು ಹಾಕಿದರೆ ಅಲೆ ಬಡಿದು ವಾಪಸು ಹೋಗುತ್ತದೆ. ಸಿಮೆಂಟಿನ ತಾರಸಿಯಲ್ಲಿ ಕಬ್ಬಿಣದ ಸರಳು ಉಂಟು, ಅದೂ ಅಡ್ಡವೇ. ಕಾರ್ಕಳದ ಕಡೆ ಗುಡ್ಡೆ, ಬಂಡೆ ಜಾಸ್ತಿ. ಟವರು ಗುಡ್ಡೆಯ ಆಚೆ ಇದ್ದರೆ ಈಚೆಯ ತಗ್ಗಿನ ಮನೆಗೆ ಬರೀ ನೆರಳು. ಮಣಿಪಾಲದಲ್ಲಿ ಟವರು ಹತ್ತಿರವೇ ಇರಬಹುದು, ಆದರೆ ನೆಲದ ಕೆಳಗಿನ ಕೋಣೆಗೆ, ಲಿಫ್ಟಿನ ಒಳಗೆ ಸಿಗ್ನಲ್ ಇಳಿಯುವುದು ಕಷ್ಟ.

ಇದಕ್ಕೆ ಒಂದು ಉಪಾಯ, ರಿಪೀಟರ್. ರಿಪೀಟರ್ ಅಂದರೆ ಎಂಥದು? ಮನೆಯ ಮಾಡಿಗೆ ಹಂಚು ಹೊದಿಸುವ ದಿನ ನೆನಪು ಮಾಡಿಕೊಳ್ಳಿ. ನಾವು ಸಾಲಾಗಿ ನಿಲ್ಲುತ್ತೇವೆ. ಒಬ್ಬಳು ಹಂಚು ಎತ್ತಿ ಕೊಡುತ್ತಾಳೆ. ನಡುವಿನವಳು ತೆಗೆದುಕೊಂಡು ಮುಂದಿನವಳಿಗೆ ಕೊಡುತ್ತಾಳೆ. ಆ ನಡುವಿನವಳೇ ರಿಪೀಟರ್. ಅವಳು ಹಂಚು ಹುಟ್ಟಿಸುವುದಿಲ್ಲ. ಬಂದದ್ದನ್ನು ಮುಂದೆ ದಾಟಿಸುತ್ತಾಳೆ. ಅವಳ ಕೈಗೆ ಹಂಚು ಸಿಗದಷ್ಟು ದೂರ ನಿಂತರೆ ಏನು ಪ್ರಯೋಜನ? ಈ ಒಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ಸುಲಭ. ಜನ ಇದನ್ನು ಮರೆತೇ ದುಡ್ಡು ಕಳೆದುಕೊಳ್ಳುತ್ತಾರೆ.

ನಾವೂ ಕಳೆದುಕೊಂಡೆವು. ಅದನ್ನು ಮುಚ್ಚಿಡುವುದು ಯಾಕೆ?

ಕೈ ಮುರಿದ ಅಕ್ಕನ ಮನೆಗೆ ಒಬ್ಬ ಮಾರುವವನು ಬಂದ. "ಮೊಬೈಲ್ ಬೂಸ್ಟರ್ ಹಾಕಿ ಅಮ್ಮ, ಮನೆಯೆಲ್ಲ ಸಿಗ್ನಲ್" ಅಂದ. ಮಾಡಿನ ಮೇಲೆ ಒಂದು ಆಂಟೆನಾ, ಒಳಗೆ ಒಂದು ಪೆಟ್ಟಿಗೆ. ಸಂಘದಿಂದ ಸಾಲ ಎತ್ತಿ ಕೊಂಡರು. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಅಕ್ಕಪಕ್ಕದ ಮನೆಯವರ ಫೋನು ಕೆಟ್ಟಿತು. ಸ್ವಲ್ಪ ದಿನದಲ್ಲಿ ಕೈಯಲ್ಲಿ ಒಂದು ಯಂತ್ರ ಹಿಡಿದುಕೊಂಡು ಫೋನು ಕಂಪೆನಿಯವರು ಹುಡುಕುತ್ತಾ ಬಂದರು. "ಇದನ್ನು ನೀವು ಹಾಕುವ ಹಾಗಿಲ್ಲ ಅಮ್ಮ, ತೆಗೆಯಿರಿ" ಎಂದರು. ಮಾರಿದವನ ಫೋನು ಸ್ವಿಚ್ ಆಫ್. ಸಾಲ ಮಾತ್ರ ಉಳಿಯಿತು. ವಾರ ವಾರ ಕಟ್ಟಿ ತೀರಿಸಿದರು.

ನೆರೆಮನೆಯ ಫೋನು ಕೆಟ್ಟದ್ದು ಯಾಕೆ? ಬಯಲಾಟದಲ್ಲಿ ಮೈಕು ಸ್ಪೀಕರಿನ ಎದುರು ಬಂದರೆ "ಕುಂಯ್" ಎಂದು ಕಿರುಚುತ್ತದಲ್ಲ, ಹಾಗೆ. ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೋಗಿ, ಮೈಕಿನದ್ದು ಮತ್ತೆ ಸ್ಪೀಕರಿಗೆ ಹೋಗಿ ಗದ್ದಲ ಬೆಳೆಯುತ್ತದೆ. ಭಾಗವತರ ಪದ ಯಾರಿಗೂ ಕೇಳುವುದಿಲ್ಲ. ಬೂಸ್ಟರಿನ ಒಳಗಿನ ಆಂಟೆನಾ ಹೊರಗಿನ ಆಂಟೆನಾದ ಹತ್ತಿರ ಇದ್ದರೆ ಇದೇ ಗತಿ. ಆ ಗದ್ದಲ ಟವರಿನ ಕಿವಿಗೆ ಹೋಗುತ್ತದೆ. ಆಗ ಟವರಿಗೆ ಊರಿನವರ ಮಾತು ಕೇಳುವುದಿಲ್ಲ. ಆ ಊರಿನಲ್ಲಿ ಯಾರಿಗಾದರೂ ಅಂದು ಹೆರಿಗೆ ನೋವು ಬಂದಿದ್ದರೆ? ಆಂಬುಲೆನ್ಸಿಗೆ ಫೋನು ಹೋಗುತ್ತಿತ್ತಾ?

ಆದ್ದರಿಂದಲೇ ಕಾನೂನು ಉಂಟು. 1933ರ ಕಾಯಿದೆಯ ಕಾಲದಿಂದಲೂ ಇಂಥ ರೇಡಿಯೋ ಯಂತ್ರ ಇಟ್ಟುಕೊಳ್ಳಲು ಸರಕಾರದ ಅನುಮತಿ ಬೇಕು. 2023ರಲ್ಲಿ ಪಾರ್ಲಿಮೆಂಟು ಮಾಡಿದ ಹೊಸ ದೂರಸಂಪರ್ಕ ಕಾಯಿದೆಯೂ ಅದನ್ನೇ ಹೇಳುತ್ತದೆ. ಮೊಬೈಲ್ ಸಿಗ್ನಲಿನ ರಿಪೀಟರನ್ನು ಫೋನು ಕಂಪೆನಿಯೇ ಹಾಕಬೇಕು. ದೊಡ್ಡ ಕಟ್ಟಡಗಳ ಒಳಗೆ ಅವರು ಹಾಕುತ್ತಾರೆ. ಮೇಲೆ ಮಾಡಿನಲ್ಲಿ ಬಿಳಿ ತಟ್ಟೆಯ ಹಾಗೆ ಕಾಣುವುದು ಕೆಲವು ಕಡೆ ಅದೇ. ಅಂಗಡಿಯಲ್ಲಿ ಸಿಗುತ್ತದೆ ಎಂದು ನಾವು ತಂದು ಹಾಕಬಾರದು. ಅಂಗಡಿಯಲ್ಲಿ ಸಿಗುವುದೆಲ್ಲ ಸರಿ ಎಂದು ಯಾರು ಹೇಳಿದ್ದು?

ನಿಮ್ಮ ಮನೆಗೆ ಸಿಗ್ನಲ್ ಬರುವುದೇ ಇಲ್ಲ ಎಂದಾದರೆ 198ಕ್ಕೆ ಫೋನು ಮಾಡಿ. ಅದು ಫೋನು ಕಂಪೆನಿಗೆ ದೂರು ಕೊಡುವ ನಂಬರು. ಅವರು ಒಂದು ದೂರಿನ ನಂಬರು ಕೊಡುತ್ತಾರೆ. ಅದನ್ನು ಬರೆದುಕೊಳ್ಳಿ. ತಾರೀಕನ್ನೂ ಬರೆಯಿರಿ. ನಂಬರು ಇಲ್ಲದಿದ್ದರೆ ನಾಳೆ "ನೀವು ದೂರು ಕೊಟ್ಟೇ ಇಲ್ಲ" ಎನ್ನಬಹುದು. ಊರಿನ ಹತ್ತು ಜನ ದೂರು ಕೊಟ್ಟರೆ ಇನ್ನೂ ಒಳ್ಳೆಯದು.

ಈಗ ನಾವೇ ಹಾಕಬಹುದಾದ ರಿಪೀಟರಿಗೆ ಬರೋಣ. ಅದು ವೈಫೈ ರಿಪೀಟರ್. ವೈಫೈಗೆ 2005ರಿಂದ ಮನೆಯ ಒಳಗೆ ಲೈಸನ್ಸು ಬೇಡ. ಅಕ್ಕನ ಮನೆಯಲ್ಲಿ ಮಗಳ ಓದಿಗೆಂದು ವೈಫೈ ಹಾಕಿಸಿದ್ದರು. ತಂತಿ ಬಂದು ಒಂದು ಸಣ್ಣ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆಯೇ ರೌಟರ್. ಅದನ್ನು ಎಲ್ಲಿ ಇಟ್ಟಿದ್ದರು? ಚಾವಡಿಯಲ್ಲಿ, ಟಿ.ವಿ.ಯ ಹಿಂದೆ. ಗಂಡಸರು ಕೂರುವ ಜಾಗದಲ್ಲಿ. ಅಕ್ಕ ಇಡೀ ದಿನ ಇರುವುದು ಹಿಂದಿನ ಅಡುಗೆಮನೆಯಲ್ಲಿ, ಬೀಡಿ ಕಟ್ಟುವುದು ಅದರ ಪಕ್ಕದ ಜಗಲಿಯಲ್ಲಿ. ನಡುವೆ ಮೂರು ಗೋಡೆ. ಪೆಟ್ಟಿಗೆ ಎಲ್ಲಿ ಇಡಬೇಕೆಂದು ಅಕ್ಕನನ್ನು ಯಾರೂ ಕೇಳಿರಲಿಲ್ಲ. ನಿಮ್ಮನ್ನು ಕೇಳಿದ್ದಾರಾ?

ವೈಫೈಯಿಂದ ಫೋನು ಮಾತು ಹೇಗೆ? 2019ರ ಕೊನೆಯಿಂದ ನಮ್ಮ ದೇಶದಲ್ಲಿ ವೈಫೈ ಕಾಲಿಂಗ್ ಎಂಬುದು ಶುರುವಾಗಿದೆ. ಟವರಿನ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಮಾಮೂಲಿ ಫೋನು ಬರುತ್ತದೆ, ಹೋಗುತ್ತದೆ. ನಮ್ಮ ನಂಬರು ಅದೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಎಂದು ಉಂಟು. ಅದನ್ನು ಆನ್ ಮಾಡಬೇಕು. ಎಲ್ಲ ಫೋನಿನಲ್ಲೂ ಇರುವುದಿಲ್ಲ. ಮೊದಲು ಇದನ್ನು ನೋಡಿಕೊಂಡು ಆಮೇಲೆ ದುಡ್ಡು ಖರ್ಚು ಮಾಡಿ.

ರಿಪೀಟರ್ ತರುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಮನೆಯ ಚಿತ್ರ ಬರೆಯಿರಿ. ಚಾವಡಿ, ಕೋಣೆ, ದೇವರಕೋಣೆ, ಅಡುಗೆಮನೆ ಎಂದು ಹೆಸರು ಬರೆಯಿರಿ. ಫೋನು ಹಿಡಿದು ಒಂದೊಂದು ಕಡೆ ನಿಲ್ಲಿ. ವೈಫೈ ಗುರುತಿನಲ್ಲಿ ಎಷ್ಟು ಗೆರೆ ತುಂಬಿದೆ ಎಂದು ಎಣಿಸಿ, ಆ ಜಾಗದಲ್ಲಿ ಬರೆಯಿರಿ. ಅಕ್ಕನ ಚಿತ್ರದಲ್ಲಿ ಚಾವಡಿಗೆ 4, ನಡುಕೋಣೆಗೆ 3, ದೇವರಕೋಣೆಗೆ 1, ಅಡುಗೆಮನೆಗೆ ಸೊನ್ನೆ.

ರಿಪೀಟರ್ ಎಲ್ಲಿ ಇಡಬೇಕು? ಅಡುಗೆಮನೆಯಲ್ಲಿ ಎಂದು ನಾವೆಲ್ಲ ಹೇಳಿದೆವು. ಸಿಗ್ನಲ್ ಬೇಕಾದ್ದು ಅಲ್ಲೇ ಅಲ್ಲವಾ? ಹಾಗೇ ಇಟ್ಟೆವು. ಕೆಂಪು ದೀಪ ಹತ್ತಿತು. ಏನೂ ಬರಲಿಲ್ಲ. ಆಗ ಅಕ್ಕನೇ ನಕ್ಕರು. "ಎಂಥ ಮಾರಾಯ್ತಿ, ಹಂಚು ಸಿಗದ ಜಾಗದಲ್ಲಿ ನಿಂತು ಹಂಚು ದಾಟಿಸು ಎಂದರೆ ಹೇಗೆ?" ತೆಗೆದು ನಡುಕೋಣೆಯ ಬಾಗಿಲ ಹತ್ತಿರ ಹಾಕಿದೆವು. ಅಲ್ಲಿ 3 ಗೆರೆ ಉಂಟು. ಬಾಗಿಲು ತೆರೆದೇ ಇರುತ್ತದೆ. ಅಡುಗೆಮನೆಗೆ 3 ಗೆರೆ ಬಂತು!

ಜೋಡಿಸುವುದು ಹೇಗೆ ಎಂದು ಈಗ ಹೇಳುತ್ತೇವೆ. ಮೊದಲ ಸಲ ರಿಪೀಟರನ್ನು ರೌಟರಿನ ಪಕ್ಕದ ಪ್ಲಗ್ಗಿಗೆ ಹಾಕಿ. ದೀಪ ನಿಲ್ಲುವವರೆಗೆ ಕಾಯಿರಿ. ಎರಡರಲ್ಲೂ ಡಬ್ಲ್ಯುಪಿಎಸ್ ಎಂಬ ಗುಂಡಿ ಇದ್ದರೆ ಕೆಲಸ ಹಗುರ. ರೌಟರಿನ ಗುಂಡಿ ಒತ್ತಿ. ಎರಡು ನಿಮಿಷದ ಒಳಗೆ ರಿಪೀಟರಿನ ಗುಂಡಿ ಒತ್ತಿ. ಒಂದನ್ನೊಂದು ಗುರುತು ಹಿಡಿಯುತ್ತವೆ. ಗುಂಡಿ ಇಲ್ಲದಿದ್ದರೆ ಫೋನಿನ ವೈಫೈ ಪಟ್ಟಿಯಲ್ಲಿ ರಿಪೀಟರಿನ ಹೆಸರು ಒತ್ತಬೇಕು. ಆಮೇಲೆ ಅದರ ಪುಸ್ತಕದಲ್ಲಿ ಬರೆದ ವಿಳಾಸ ತೆರೆಯಬೇಕು. ಅಲ್ಲಿ ನಮ್ಮ ಮನೆಯ ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಬರೆಯಬೇಕು. ಕೂಡಿದ ಮೇಲೆ ಕಿತ್ತು ನಡುವಿನ ಜಾಗಕ್ಕೆ ಹಾಕಿ. ಮತ್ತೆ ಮೊದಲಿನಿಂದ ಮಾಡಬೇಕಾಗಿಲ್ಲ. ಅದಕ್ಕೆ ನೆನಪು ಉಂಟು.

ಪಾಸ್‌ವರ್ಡ್ ರೌಟರಿನ ಕೆಳಗೆ ಚೀಟಿಯಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ! ಕನ್ನಡ ಓದಲು ಕಲಿತ ನಮಗೆ ಇದೊಂದು ಪೀಕಲಾಟ. ಆದರೆ ಹೆದರಬೇಡಿ. ರಂಗೋಲಿ ನೋಡಿ ರಂಗೋಲಿ ಹಾಕುವ ಹಾಗೆ, ಒಂದೊಂದು ಅಕ್ಷರ ನೋಡಿ ಬರೆದುಕೊಳ್ಳಿ. ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಒಂದೇ ತರಹ ಕಾಣುತ್ತವೆ. ಅಲ್ಲಿ ಮಕ್ಕಳನ್ನು ಕೇಳಿ. ನಾವು ನಾಲ್ಕು ಸಲ ತಪ್ಪಿದ್ದು ಅಲ್ಲೇ. ಆಮೇಲೆ ಪಾಸ್‌ವರ್ಡ್ ಬದಲಾಯಿಸಿ. ದಾರಿಯಲ್ಲಿ ಹೋಗುವವರಿಗೆ ಹೇಳಬೇಡಿ.

ಕೆಲವು ಪೆಟ್ಟಿಗೆಯಲ್ಲಿ ಎರಡು ಬಗೆಯ ಅಲೆ ಉಂಟು, 2.4 ಮತ್ತು 5 ಎಂದು ಬರೆದಿರುತ್ತದೆ. 2.4ರ ಅಲೆ ಸುಮಾರು ಅರ್ಧ ಗೇಣು ಉದ್ದ. 5ರದ್ದು ಅದರ ಅರ್ಧ. ಉದ್ದದ ಅಲೆ ಗೋಡೆ ದಾಟುವುದರಲ್ಲಿ ಗಟ್ಟಿ. ಮುರಕಲ್ಲಿನ ಮನೆಗೆ 2.4 ಒಳ್ಳೆಯದು. ವೇಗ ಸ್ವಲ್ಪ ಕಡಿಮೆ. ರಿಪೀಟರ್ ಒಂದೇ ಬಾಯಿಯಲ್ಲಿ ಕೇಳಿ, ಅದೇ ಬಾಯಿಯಲ್ಲಿ ಹೇಳಬೇಕಲ್ಲ, ಅದರಿಂದಲೂ ವೇಗ ಅರ್ಧಕ್ಕೆ ಇಳಿಯುತ್ತದೆ. ಮಾತಾಡಲು ಅಷ್ಟು ಸಾಕು.

ಫ್ರಿಜ್ಜಿನ ಹಿಂದೆ, ಕಬ್ಬಿಣದ ಕಪಾಟಿನ ಬದಿ, ನೀರಿನ ಹಂಡೆಯ ಪಕ್ಕ ಇಡಬೇಡಿ. ಎದೆಯಷ್ಟು ಎತ್ತರದಲ್ಲಿ ಇರಲಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಗುಡುಗು ಸಿಡಿಲು ಬಂದರೆ ಪ್ಲಗ್ಗಿನಿಂದ ಕಿತ್ತುಬಿಡಿ.

ಒಂದು ದೊಡ್ಡ ಕೊರತೆ ಉಂಟು. ಕರೆಂಟು ಹೋದರೆ ರೌಟರೂ ಇಲ್ಲ, ರಿಪೀಟರೂ ಇಲ್ಲ. ನಮ್ಮ ಮಳೆಗಾಲ ನಿಮಗೆ ಗೊತ್ತೇ ಉಂಟು. ಆದ್ದರಿಂದ ತುರ್ತು ಫೋನಿಗೆ ವೈಫೈಯನ್ನೇ ನಂಬಿ ಕೂರಬೇಡಿ. ಟವರಿನ ಸಿಗ್ನಲ್ ಸಿಗುವ ಜಾಗ ಒಂದು ಗೊತ್ತಿರಲಿ. ನಮ್ಮ ಕಂಪೆನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪೆನಿಯದ್ದು ಇದ್ದರೂ 112ಕ್ಕೆ ಫೋನು ಹೋಗಬಹುದು, ಒತ್ತಿ ನೋಡಿ. ಆದರೆ ತಮಾಷೆಗೆ ಒತ್ತಬಾರದು.

ಅಕ್ಕ ಈಗ ಬೀಡಿ ಕಟ್ಟುತ್ತಲೇ ಮಗನ ಹತ್ತಿರ ಮಾತಾಡುತ್ತಾರೆ. ಫೋನು ಗೆರಸೆಯ ಬದಿಗೆ ಇಟ್ಟಿರುತ್ತಾರೆ. ಬಾವಿಕಟ್ಟೆಯ ಜಾಗವನ್ನು ಮಾತ್ರ ಅವರು ಬಿಟ್ಟಿಲ್ಲ. ಅಲ್ಲಿಗೆ ಹೋಗುವ ದಾರಿಯ ಪಾಚಿ ಕೆರೆದು, ಹೆಜ್ಜೆ ಇಡಲು ಮುರಕಲ್ಲು ಹಾಕಿಸಿದ್ದಾರೆ.

ನಿಮ್ಮ ನೋಟ್ ಬುಕ್ಕಿನಲ್ಲಿ ಇದನ್ನು ತುಂಬಿಸಿ, ಗೋಡೆಗೂ ಅಂಟಿಸಿ:

ತುರ್ತು ಸಹಾಯ: 112
ಆಂಬುಲೆನ್ಸ್: 108
ಫೋನು ಕಂಪೆನಿಗೆ ದೂರು: 198
ನಾನು ಕೊಟ್ಟ ದೂರಿನ ನಂಬರು: .................. ತಾರೀಕು: ..........
ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ: ..................