ಮಲವಗೊಪ್ಪ ಸ್ಟಾಪಿನಿಂದಲೇ ಇಂಗ್ಲಿಷ್: ಊರನ್ನು ಹೇಳಿಕೊಳ್ಳಲು ಹತ್ತು ಸೂತ್ರಗಳು

ಕೆಲಸದ ಇಂಟರ್‌ವ್ಯೂನಲ್ಲಿ ಕುರ್ಚಿಗೆ ಬೆನ್ನು ತಾಗುವ ಮೊದಲೇ ಬರುವ ಪ್ರಶ್ನೆ: ‘ವೇರ್ ಡು ಯು ಲಿವ್?’ ಊರು ಗೊತ್ತು, ಬೀದಿ ಗೊತ್ತು, ಕಣ್ಣು ಮುಚ್ಚಿಕೊಂಡು ಮನೆ ಸೇರಬಲ್ಲೆವು. ಆದರೂ ನಾಲಿಗೆ ತಡವರಿಸುತ್ತದೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಅರ್ಜಿ ಹಾಕಿದ ಹುಡುಗಿಗೂ ಇದೇ ಪಾಡು, ಸೋಗಾನೆ ವಿಮಾನ ನಿಲ್ದಾಣದಿಂದ ಬಾಡಿಗೆ ಹಿಡಿಯುವ ಚಾಲಕನಿಗೂ ಇದೇ ಪಾಡು. 2023ರ ಆಗಸ್ಟ್ 31ರಂದು ಅಲ್ಲಿ ವಿಮಾನ ಸಂಚಾರ ಶುರುವಾದ ಮೇಲಂತೂ ಕನ್ನಡ ಬಾರದ ಪ್ರಯಾಣಿಕರು ದಾರಿ ಕೇಳುವುದು ಹೆಚ್ಚಿದೆ.

ನಮಗೆ ಪದಗಳ ಬಡತನವಿಲ್ಲ. ಊರಿನ ಅರ್ಧ ಇಂಗ್ಲಿಷ್ ನಮ್ಮ ಬಾಯಲ್ಲೇ ಇದೆ. ಅದನ್ನು ಜೋಡಿಸುವುದು ಹೇಗೆ, ಯಾವ ಪದ ಊರಾಚೆ ನಡೆಯುವುದಿಲ್ಲ ಎಂಬುದಷ್ಟೇ ಕಲಿಯಬೇಕಾದದ್ದು.

1. ಮೊದಲು ಇರುವ ಗಂಟು ಎಣಿಸಿ

ಶಿವಮೊಗ್ಗ-ಭದ್ರಾವತಿ ನಡುವಿನ ಮಲವಗೊಪ್ಪದಲ್ಲಿ ಶಿವಮೊಗ್ಗದ ಬಸ್ ಹತ್ತಿ ಕಿಟಕಿ ಪಕ್ಕ ಕುಳಿತುಕೊಳ್ಳಿ. ದಾರಿಯಲ್ಲಿ ಕಾಣುವ, ನೀವು ದಿನಾ ಆಡುವ ಜಾಗದ ಪದಗಳನ್ನು ಬರೆಯುತ್ತಾ ಹೋಗಿ: ಬಸ್ ಸ್ಟಾಪ್, ಶುಗರ್ ಫ್ಯಾಕ್ಟರಿ, ಸರ್ಕಲ್, ಕಾಲೇಜ್, ಬ್ಯಾಂಕ್, ಬೇಕರಿ, ಗ್ಯಾರೇಜ್, ಡಿಪೋ, ಬಸ್ ಸ್ಟ್ಯಾಂಡ್. ತುಂಗಾ ಸೇತುವೆ ದಾಟುವ ಹೊತ್ತಿಗೆ ಇಪ್ಪತ್ತಕ್ಕೆ ಕಡಿಮೆ ಇರುವುದಿಲ್ಲ. ನಮ್ಮದೇ ಎಂದುಕೊಂಡ ‘ಆಸ್ಪತ್ರೆ’ಯೂ ‘ಹಾಸ್ಪಿಟಲ್’ ಎಂಬುದು ನಮ್ಮ ನಾಲಿಗೆಯಲ್ಲಿ ಹೊರಳಿ ಆದದ್ದು. ಸೊನ್ನೆಯಿಂದ ಶುರು ಮಾಡುತ್ತಿದ್ದೇವೆ ಎಂಬ ಭಯ ಅಲ್ಲಿಗೇ ಇಳಿಯಲಿ.

2. ಹೆಸರಿನ ಬಾಲ ಹಿಡಿಯಿರಿ

ಊರ ಹೆಸರಿನ ಕೊನೆಯಲ್ಲೇ ಅದು ಎಂಥ ಜಾಗ ಎಂಬುದು ಅಡಗಿರುತ್ತದೆ. ಕೊಪ್ಪ ಎಂದರೆ ಪುಟ್ಟ ಹಳ್ಳಿ. ಆದೇಶ ಸಂಧಿಯಲ್ಲಿ ‘ಕ’ ಹೋಗಿ ‘ಗ’ ಬಂದರೆ ಮಲವಗೊಪ್ಪ. ಹುಲಿ-ಸಿಂಹಧಾಮದ ತ್ಯಾವರೆಕೊಪ್ಪದಲ್ಲಿ ‘ಕ’ ಹಾಗೇ ಉಳಿದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹ್ಯಾಮ್ಲೆಟ್’. ಮಾಚೇನಹಳ್ಳಿಯ ಹಳ್ಳಿ ‘ವಿಲೇಜ್’, ದುರ್ಗಿಗುಡಿಯ ಗುಡಿ ‘ಟೆಂಪಲ್’, ತರೀಕೆರೆಯ ಕೆರೆ ‘ಟ್ಯಾಂಕ್’ ಅಥವಾ ‘ಲೇಕ್’.

ಭದ್ರಾವತಿ ಇನ್ನೂ ಒಳ್ಳೆಯ ಮೇಷ್ಟ್ರು. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಊರಿನಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಹೀಗೆ ಓಲ್ಡ್ ಟೌನ್, ನ್ಯೂ ಟೌನ್, ಪೇಪರ್ ಟೌನ್ ಮೂರೂ ಒಂದೇ ಊರಿನಲ್ಲಿ ಸೇರಿದವು. ‘ಟೌನ್’ ಎಂಬ ಒಂದು ಪದಕ್ಕೆ ಮೂರು ವಿಶೇಷಣ. ವ್ಯಾಕರಣದ ಪಾಠವನ್ನು ಬಸ್ಸಿನ ಬೋರ್ಡೇ ಕಲಿಸುತ್ತದೆ.

3. ನಮ್ಮ ಒಂದು ‘ಅಲ್ಲಿ’ಗೆ ಅವರ ಮೂರು

ಮಲವಗೊಪ್ಪದಲ್ಲಿ, ಬಿ.ಎಚ್. ರಸ್ತೆಯಲ್ಲಿ, ಬಸ್ ಸ್ಟಾಪಿನಲ್ಲಿ: ಕನ್ನಡದಲ್ಲಿ ಮೂರಕ್ಕೂ ಒಂದೇ ಸಪ್ತಮಿ. ಇಂಗ್ಲಿಷಿನಲ್ಲಿ ಮೂರು ಪದ, ಅವೂ ಹೆಸರಿಗಿಂತ ಮೊದಲು ಬರುತ್ತವೆ. ಸುತ್ತ ಆವರಿಸಿದ ಊರು, ಬಡಾವಣೆ, ಜಿಲ್ಲೆಗೆ ‘ಇನ್’. ಉದ್ದಕ್ಕೆ ಚಾಚಿದ ರಸ್ತೆಗೆ ‘ಆನ್’. ಬೆರಳಿಟ್ಟು ತೋರಿಸುವ ಒಂದು ಬಿಂದುವಿಗೆ ‘ಅಟ್’.

‘ಐ ಲಿವ್ ಇನ್ ಮಲವಗೊಪ್ಪ. ಇಟ್ ಈಸ್ ಆನ್ ಬಿ.ಎಚ್. ರೋಡ್. ಐ ವಿಲ್ ವೇಟ್ ಅಟ್ ದ ಬಸ್ ಸ್ಟಾಪ್.’ ಈ ಮೂರು ವಾಕ್ಯವನ್ನು ಮೂವತ್ತು ಸಲ ಗಟ್ಟಿಯಾಗಿ ಹೇಳಿ. ವಾಹನಗಳ ಲೆಕ್ಕ ಮಾತ್ರ ಬೇರೆ: ಒಳಗೆ ಎದ್ದು ಓಡಾಡಬಹುದಾದ ಬಸ್, ರೈಲು, ವಿಮಾನಕ್ಕೆ ‘ಆನ್’. ತಲೆ ಬಗ್ಗಿಸಿ ಕೂರುವ ಆಟೊ, ಕಾರಿಗೆ ‘ಇನ್’.

4. ಎದುರು, ಪಕ್ಕ, ಹಿಂದೆ: ಇಲ್ಲಿ ಎಚ್ಚರ

ನಮ್ಮೂರಲ್ಲಿ ಯಾರೂ ಮನೆ ನಂಬರ್ ನೋಡಿ ಹುಡುಕುವುದಿಲ್ಲ. ‘ಬೇಕರಿ ಎದುರು, ದೇವಸ್ಥಾನದ ಪಕ್ಕ’ ಎಂಬುದೇ ನಮ್ಮ ವಿಳಾಸ. ಆದ್ದರಿಂದ ಈ ನಾಲ್ಕು ಪದ ಮನೆಬೀಗದಷ್ಟು ಮುಖ್ಯ: ಎದುರಿಗೆ ‘ಆಪೋಸಿಟ್’, ಪಕ್ಕಕ್ಕೆ ‘ನೆಕ್ಸ್ಟ್ ಟು’, ಹಿಂದೆ ‘ಬಿಹೈಂಡ್’, ನಡುವೆ ‘ಬಿಟ್ವೀನ್’. ‘ಆಪೋಸಿಟ್’ ಆದ ಮೇಲೆ ‘ಟು’ ಬೇಡ: ‘ಆಪೋಸಿಟ್ ದ ಟೆಂಪಲ್’ ಸಾಕು. ‘ನೆಕ್ಸ್ಟ್’ಗೆ ಮಾತ್ರ ‘ಟು’ ಬೇಕೇ ಬೇಕು.

ಇನ್ನು ‘ಬ್ಯಾಂಕ್ ಬ್ಯಾಕ್‌ಸೈಡಲ್ಲಿ ನಮ್ಮನೆ’ ಎನ್ನುವ ಅಭ್ಯಾಸವನ್ನು ಇವತ್ತೇ ಬಿಡಿ. ಇಂಗ್ಲಿಷಿನಲ್ಲಿ ‘ಬ್ಯಾಕ್‌ಸೈಡ್’ ಎಂದರೆ ನಾವು ಕುರ್ಚಿಯ ಮೇಲೆ ಊರುವ ಭಾಗ. ‘ಬಿಹೈಂಡ್ ದ ಬ್ಯಾಂಕ್’ ಎನ್ನಿ, ಮರ್ಯಾದೆ ಉಳಿಯುತ್ತದೆ.

5. ಊರೊಳಗಿನ ಇಂಗ್ಲಿಷ್ ಬೇರೆ, ಊರಾಚೆಯದು ಬೇರೆ

ನಮ್ಮ ಬಾಯಲ್ಲಿರುವ ಕೆಲವು ಪದಗಳು ಇಲ್ಲಿ ಸರಿಯಾಗಿ ಚಲಾವಣೆಯಾಗುತ್ತವೆ, ಊರ ಗಡಿ ದಾಟಿದರೆ ಅರ್ಥ ಬದಲಿಸುತ್ತವೆ. ಎರಡನ್ನೂ ಜೋಡಿಯಾಗಿ ಕಲಿಯಿರಿ.

• ಹೋಟೆಲ್: ನಮಗೆ ಇಡ್ಲಿ-ವಡೆಯ ಜಾಗ, ಹೊರಗಿನವರಿಗೆ ಕೋಣೆ ಹಿಡಿದು ತಂಗುವ ಜಾಗ. ಊಟಕ್ಕೆ ‘ರೆಸ್ಟೋರೆಂಟ್’ ಎನ್ನಿ.
• ಮೆಡಿಕಲ್: ಇದು ವಿಶೇಷಣ, ಅಂಗಡಿಯ ಹೆಸರಲ್ಲ. ‘ಮೆಡಿಕಲ್ ಸ್ಟೋರ್’ ಅಥವಾ ‘ಫಾರ್ಮಸಿ’.
• ಪೆಟ್ರೋಲ್ ಬಂಕ್: ‘ಪೆಟ್ರೋಲ್ ಪಂಪ್’ ಎಂದರೆ ದೇಶದ ತುಂಬ ತಿಳಿಯುತ್ತದೆ. ಇಂಗ್ಲಿಷಿನ ‘ಬಂಕ್’ ಒಂದರ ಮೇಲೊಂದು ಇರುವ ಮಲಗುವ ಮಂಚ. ಅಮೆರಿಕದಲ್ಲಿ ಪೆಟ್ರೋಲ್ ಹಾಕಿಸಲು ‘ಗ್ಯಾಸ್ ಸ್ಟೇಷನ್’ಗೆ ಹೋಗಬೇಕು.
• ಸೊಸೈಟಿ: ನಮಗೆ ಅಕ್ಕಿ ಕೊಡುವ ಜಾಗ, ಇಂಗ್ಲಿಷಿಗೆ ಇಡೀ ಸಮಾಜ. ‘ರೇಷನ್ ಶಾಪ್’ ಎನ್ನಿ.
• ನರ್ಸಿಂಗ್ ಹೋಮ್: ವಿದೇಶಗಳಲ್ಲಿ ಇದು ಸಾಮಾನ್ಯವಾಗಿ ಆರೈಕೆ ಬೇಕಾದ ವೃದ್ಧರ ನಿಲಯ. ‘ಹಾಸ್ಪಿಟಲ್’ ಅಥವಾ ‘ಕ್ಲಿನಿಕ್’ ಸುರಕ್ಷಿತ.
• ಟಾಕೀಸ್: ಸಿನಿಮಾಕ್ಕೆ ಮಾತು ಬಂದ ಕಾಲದ ಪದ. ಕನ್ನಡದಲ್ಲಿ ಅದು 1934ರ ‘ಸತಿ ಸುಲೋಚನ’ದ ಕಾಲ. ಲಕ್ಷ್ಮೀ ಟಾಕೀಸ್ ಎಂಬ ಹೆಸರು ಹಾಗೇ ಇರಲಿ. ಜಾಗ ಹೇಳುವಾಗ ‘ಸಿನಿಮಾ’ ಅಥವಾ ‘ಮೂವಿ ಥಿಯೇಟರ್’.
• ಸರ್ಕಲ್: ಬ್ರಿಟನ್ನಿನಲ್ಲಿ ‘ರೌಂಡಬೌಟ್’. ನಡುವೆ ವೃತ್ತವೇ ಇಲ್ಲದ, ಬರೀ ರಸ್ತೆಗಳು ಕೂಡುವ ಜಾಗವಾದರೆ ‘ಜಂಕ್ಷನ್’.
• ಜೆರಾಕ್ಸ್ ಅಂಗಡಿ: ಜೆರಾಕ್ಸ್ ಕಂಪನಿಯ ಹೆಸರು. ಕೆಲಸಕ್ಕೆ ‘ಫೋಟೊಕಾಪಿ’.
• ಸ್ಟೇಷನ್: ‘ಸ್ಟೇಷನ್ನಿಗೆ ಹೋಗಿದ್ದ’ ಎಂದರೆ ನಮ್ಮ ಕಡೆ ಪೊಲೀಸ್ ಸ್ಟೇಷನ್ನೇ. ‘ರೈಲ್ವೆ’ ಎಂದೋ ‘ಪೊಲೀಸ್’ ಎಂದೋ ಬಿಡಿಸಿ ಹೇಳಿ. ‘ಔಟ್ ಆಫ್ ಸ್ಟೇಷನ್’ ಬದಲು ‘ಔಟ್ ಆಫ್ ಟೌನ್’ ಎನ್ನಿ.

6. ಸ್ಟಾಪ್ ಬೇರೆ, ಸ್ಟ್ಯಾಂಡ್ ಬೇರೆ

ಬಸ್ಸು ಒಂದು ಗಳಿಗೆ ನಿಂತು ಹೋಗುವುದು ‘ಸ್ಟಾಪ್’. ಬಸ್ಸುಗಳು ಹೊರಡುವ, ಬಂದು ಸೇರುವ ಜಾಗ ‘ಸ್ಟ್ಯಾಂಡ್’. ರಾತ್ರಿ ಮಲಗುವ, ರಿಪೇರಿಯಾಗುವ ಜಾಗ ‘ಡಿಪೋ’. ಮಲವಗೊಪ್ಪದಲ್ಲಿರುವುದು ಸ್ಟಾಪ್, ಶಿವಮೊಗ್ಗದಲ್ಲಿ ಕೆಎಸ್‌ಆರ್‌ಟಿಸಿಗೊಂದು, ಪ್ರೈವೇಟಿಗೊಂದು ಸ್ಟ್ಯಾಂಡ್. ವಿಮಾನ ನಿಲ್ದಾಣದ ಕಟ್ಟಡ ‘ಟರ್ಮಿನಲ್’, ಬರುವವರ ಬಾಗಿಲು ‘ಅರೈವಲ್ಸ್’, ಹೋಗುವವರದು ‘ಡಿಪಾರ್ಚರ್ಸ್’. ಈ ಕೊನೆಯ ಎರಡನ್ನು ಅದಲುಬದಲು ಮಾಡಿಕೊಂಡ ಚಾಲಕನಿಗೆ ಬಾಡಿಗೆ ತಪ್ಪುತ್ತದೆ.

7. ಗಿಡ್ಡ ಅಕ್ಷರಗಳನ್ನು ಬಿಡಿಸಿಕೊಳ್ಳಿ

ನಮ್ಮ ದಾರಿಯೇ ಅಕ್ಷರಗಳ ಸಂತೆ. ಬಿ.ಎಚ್. ರಸ್ತೆ ಎಂದರೆ ಬೆಂಗಳೂರು-ಹೊನ್ನಾವರ ರಸ್ತೆ. ಎಂ.ಆರ್.ಎಸ್. ಸರ್ಕಲ್‌ನ ಆರ್.ಎಸ್. ವಿದ್ಯುತ್ತಿನ ‘ರಿಸೀವಿಂಗ್ ಸ್ಟೇಷನ್’. ಎಂ.ಪಿ.ಎಂ.ನಲ್ಲಿ ‘ಪೇಪರ್ ಮಿಲ್ಸ್’ ಇದೆ, ವಿ.ಐ.ಎಸ್.ಎಲ್.ನಲ್ಲಿ ‘ಐರನ್ ಅಂಡ್ ಸ್ಟೀಲ್’ ಇದೆ. ದಿನಕ್ಕೊಂದು ಅಕ್ಷರಗುಚ್ಛ ಬಿಡಿಸಿದರೆ ಎರಡು ಮೂರು ಹೊಸ ಪದ ಉದುರುತ್ತವೆ. ಹೊರಗಿನವರ ಮುಂದೆ ಬರೀ ಅಕ್ಷರ ಉದುರಿಸಬೇಡಿ, ಅವರಿಗೆ ಅದು ಒಗಟು.

8. ಹೆಸರು ಅನುವಾದಿಸಬೇಡಿ, ಜೊತೆಗೆ ಗುರುತು ಕೊಡಿ

ಹೊಸಮನೆ ‘ನ್ಯೂ ಹೌಸ್’ ಆಗುವುದಿಲ್ಲ, ಗಾಂಧಿ ಬಜಾರ್ ‘ಗಾಂಧಿ ಮಾರ್ಕೆಟ್’ ಆಗುವುದು ಬೇಡ. ಹೆಸರು ಹೆಸರೇ. ಸರ್ಕಾರವೂ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ‘ಶಿಮೊಗ’ ಬಿಟ್ಟು ‘ಶಿವಮೊಗ್ಗ’ ಎಂದೇ ಬರೆಯುತ್ತಿದೆ. ನೀವೂ ಹಾಗೇ ಉಚ್ಚರಿಸಿ.

ಆದರೆ ಹೆಸರಿನ ಬೆನ್ನಿಗೆ ಅದು ಏನು ಎಂಬುದನ್ನು ಸೇರಿಸಿ. ‘ಮೆಗ್ಗಾನ್‌ಗೆ ಹೋಗ್ತೀನಿ’ ಎಂದರೆ ನಮಗೆ ಸಾಕು. ಬೆಂಗಳೂರಿನಿಂದ ಬಂದವನಿಗೆ ‘ಮೆಗ್ಗಾನ್ ಹಾಸ್ಪಿಟಲ್’ ಆಗಬೇಕು. ಸಹ್ಯಾದ್ರಿ ಎಂದರೆ ಅವನಿಗೆ ಬೆಟ್ಟಸಾಲು, ‘ಸಹ್ಯಾದ್ರಿ ಕಾಲೇಜ್’ ಎಂದರೆ ವಿದ್ಯಾನಗರ. ಶಿಮುಲ್‌ಗೆ ‘ಮಿಲ್ಕ್ ಡೇರಿ’ ಎಂಬ ಬಾಲ ಅಂಟಿಸಿ.

9. ಜಾಗದ ಜೊತೆ ಕೆಲಸವನ್ನೂ ಕಟ್ಟಿಹಾಕಿ

ಒಂಟಿ ನಾಮಪದ ಬೇಗ ಮರೆಯುತ್ತದೆ. ಕ್ರಿಯಾಪದದ ಜೊತೆ ಮದುವೆ ಮಾಡಿಸಿ. ಬ್ಯಾಂಕಿನಲ್ಲಿ ಹಣ ‘ಡಿಪಾಸಿಟ್’, ‘ವಿತ್‌ಡ್ರಾ’. ರೈಲ್ವೆ ಸ್ಟೇಷನ್ನಿನಲ್ಲಿ ‘ಕ್ಯಾಚ್ ಎ ಟ್ರೈನ್’. ಸ್ಟಾಪಿನಲ್ಲಿ ಹತ್ತುವುದು ‘ಗೆಟ್ ಆನ್’, ಇಳಿಯುವುದು ‘ಗೆಟ್ ಆಫ್’. ಲೈಬ್ರರಿಯಿಂದ ಪುಸ್ತಕ ಎರವಲು ತರುವುದು ‘ಬಾರೋ’: ಪುಸ್ತಕವನ್ನು ಸಲುಗೆಯಿಂದ ಮನೆಗೆ ಕರೆದಂತೆ ನೆನಪಿಟ್ಟುಕೊಳ್ಳಿ. ‘ಮನೆಗೆ’ ಎನ್ನುವಾಗ ಮಾತ್ರ ‘ಟು’ ಬೇಡ: ಮಾರ್ಕೆಟ್ಟಿಗೆ ‘ಗೋ ಟು ದ ಮಾರ್ಕೆಟ್’, ಮನೆಗೆ ಬರೀ ‘ಗೋ ಹೋಮ್’.

ಹೇಳುವಾಗ ಕೊನೆಯ ‘ಉ’ಕಾರವನ್ನು ಉದುರಿಸಿ. ಬಸ್ಸು, ರೋಡು, ಬ್ಯಾಂಕು ಕನ್ನಡದ ವಾಕ್ಯದಲ್ಲಿ ಚೆಂದ. ಇಂಗ್ಲಿಷ್ ವಾಕ್ಯದಲ್ಲಿ ಬಸ್, ರೋಡ್, ಬ್ಯಾಂಕ್ ಎಂದು ಬಾಯಿ ಮುಚ್ಚಿ.

10. ದಾರಿ ಹೇಳಲು ಐದೇ ವಾಕ್ಯ

‘ಗೋ ಸ್ಟ್ರೈಟ್.’ ‘ಟರ್ನ್ ಲೆಫ್ಟ್ ಅಟ್ ದ ಸರ್ಕಲ್.’ ‘ಕ್ರಾಸ್ ದ ಬ್ರಿಡ್ಜ್.’ ‘ಇಟ್ ಈಸ್ ಆನ್ ಯುವರ್ ರೈಟ್.’ ‘ಇಟ್ ಈಸ್ ನಾಟ್ ಫಾರ್.’ ನಮ್ಮೂರಿನಲ್ಲಿ ಯಾರನ್ನು ಎಲ್ಲಿಗೆ ಕಳಿಸಬೇಕಿದ್ದರೂ ಈ ಐದರಲ್ಲಿ ಕೆಲಸ ಮುಗಿಯುತ್ತದೆ. ಕೈ ಎಡಕ್ಕೆ ತೋರಿಸಿ ಬಾಯಲ್ಲಿ ‘ರೈಟ್’ ಅನ್ನದಿದ್ದರೆ ಸಾಕು. ಕಂಡಕ್ಟರ್ ‘ರೈಟ್ ರೈಟ್’ ಎಂದಾಗ ಚಾಲಕ ಬಲಕ್ಕೆ ತಿರುಗಿಸುವುದಿಲ್ಲ, ನೇರ ಹೊರಡುತ್ತಾನೆ. ಆ ‘ರೈಟ್’ ಎಂದರೆ ‘ಎಲ್ಲ ಸರಿ, ನಡಿ’ ಅಂತ.

ವಾರಕ್ಕೆ ಎರಡು ಸೂತ್ರ ಹಿಡಿದರೆ ಐದು ವಾರದ ಅಭ್ಯಾಸ. ಪುಸ್ತಕ ಬೇಡ, ಫೀಸ್ ಬೇಡ. ಶಿವಮೊಗ್ಗ-ಭದ್ರಾವತಿ ನಡುವಿನ ಬಸ್ಸೇ ತರಗತಿ, ಕಿಟಕಿಯೇ ಕರಿಹಲಗೆ. ಸಂಜೆ ವಾಪಸ್ ಬರುವಾಗ ಮಲವಗೊಪ್ಪ ಹತ್ತಿರವಾಗುತ್ತದೆ, ಕಂಡಕ್ಟರ್ ‘ಯಾರ್ರೀ ಇಳಿಯೋರು?’ ಎನ್ನುತ್ತಾನೆ, ನೀವು ಎದ್ದು ನಿಲ್ಲುತ್ತೀರಿ, ಅವನು ‘ಹೋಲ್ಡಾನ್!’ ಎಂದು ಕೂಗುತ್ತಾನೆ. ಅದು ‘ಹೋಲ್ಡ್ ಆನ್’. ಚಿಕ್ಕಂದಿನಿಂದ ಆ ಇಂಗ್ಲಿಷ್ ಕೇಳಿಕೊಂಡೇ ನಾವು ನಮ್ಮ ಸ್ಟಾಪಿನಲ್ಲಿ ಇಳಿದಿದ್ದೇವೆ.